ಸುಳ್ಳು ರೋಗಿಯ ಕುರ್ಚಿ

ಶುಕ್ರವಾರ, ಮಧ್ಯಾಹ್ನ
ಕಾಲೇಜಿನ ನನ್ನ ಕೋಣೆಯಿಂದ

ನನ್ನ ಮುದ್ದು ಪುಟ್ಟೀ,

ನೀನು ಅಲ್ಲಿ ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಇಲ್ಲಿ ನಾನು ಹೇಗಿದ್ದೇನೆ ಎಂಬ ಸಾಲಿಗೆ ಮಾತ್ರ ಜಾಗ ಬಿಟ್ಟಿದ್ದೇನೆ, ಸಂಜೆ ತುಂಬುತ್ತೇನೆ. ಕಾಗದ ಒಡೆದ ಕೂಡಲೇ ಕೊನೆಯ ಸಾಲಿಗೆ ಹಾರುವ ನಿನ್ನ ಚಾಳಿ ನನಗೆ ಗೊತ್ತಿಲ್ಲದ್ದೇನಲ್ಲ. ಇದೊಂದು ಸಲ ಮೇಲಿನಿಂದ ಓದು ತಾಯೀ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಾದರೆ ಎರಡನೇ ಮಾತಿಗೇ ನನ್ನ ದನಿ ಹಿಡಿದು ಎಲ್ಲ ಕಕ್ಕಿಸಿಬಿಡುತ್ತೀಯ.

ಹೋದ ಸಲ ಬಂದಾಗ ನೀನೊಂದು ಪ್ರಶ್ನೆ ಎಸೆದು, ಉತ್ತರಕ್ಕೂ ಕಾಯದೆ ನಿನ್ನ ನಾಟಕ ತಂಡದ ಬಸ್ಸು ಹತ್ತಿ ಹೋದೆ. ಅಮ್ಮಾ, ನೀನು ಅಷ್ಟು ಒಳ್ಳೆ ಡಾಕ್ಟರು, ರೋಗಿಗಳನ್ನ ಬಿಟ್ಟು ಈ ಹುಡುಗರ ಟೈಮ್‌ಟೇಬಲ್ ಹಿಡ್ಕೊಂಡು ಯಾಕೆ ಕೂತಿದ್ದೀಯ ಅಂತ. ಬಸ್ಸು ಹೋಯಿತು, ಪ್ರಶ್ನೆ ಇಲ್ಲೇ ಉಳಿಯಿತು. ಅಡುಗೆ ಮಾಡುವಾಗಲೂ ಅದೇ, ಸ್ನಾನ ಮಾಡುವಾಗಲೂ ಅದೇ.

ಸುಲಭದ ಉತ್ತರವೊಂದಿದೆ. ನಾನು ವಾರ್ಡಿಗೆ ಹೊಸಬಳಾಗಿದ್ದಾಗ ನಮ್ಮ ದೊಡ್ಡ ಡಾಕ್ಟರಿಗೆ ಗಂಟಲು ಕಟ್ಟಿತು, ಅವರ ಪಾಠ ಮಾಡುವ ಹೊಣೆ ನನ್ನ ತಲೆಗೆ ಬಿತ್ತು. ರೋಗಿಯ ಬೆನ್ನು ತಟ್ಟಿ, ಒಳಗೆ ಗಾಳಿಯಿದ್ದರೆ ಟೊಳ್ಳು ಶಬ್ದ, ನೀರಿದ್ದರೆ ಮಂದ ಶಬ್ದ ಎಂದು ಗಿಣಿಪಾಠ ಒಪ್ಪಿಸುತ್ತಿದ್ದೆ. ಹಿಂದೆ ನಿಂತಿದ್ದ ವಿದ್ಯಾರ್ಥಿಯೊಬ್ಬ, ಮೇಡಂ, ನಮಗೆ ಎರಡೂ ಒಂದೇ ಥರ ಕೇಳಿಸ್ತಿದೆ, ನಿಮಗೆ ಮೊದಲ ಸಲ ಹೇಗೆ ಗೊತ್ತಾಯ್ತು ಅಂದ. ನನಗೆ ನೆನಪೇ ಇಲ್ಲ! ಅವರನ್ನೆಲ್ಲ ಉಗ್ರಾಣಕ್ಕೆ ಕರೆದುಕೊಂಡು ಹೋಗಿ, ಅರ್ಧ ನೀರು ತುಂಬಿದ ಡ್ರಮ್ಮು ಕೊಟ್ಟು, ಕಣ್ಣು ಮುಚ್ಚಿ ತಟ್ಟಿ ನೀರಿನ ಮಟ್ಟ ಹುಡುಕಿ ಎಂದೆ. ಒಬ್ಬೊಬ್ಬರ ಮುಖವೂ ಅರಳುವುದನ್ನು ನೋಡಬೇಕಿತ್ತು. ಆ ರುಚಿ ಹತ್ತಿದ್ದು ಬಿಡಲಿಲ್ಲ. ಮನೆಗೆ ಬಂದು ನಿನಗೂ ಕಲಿಸಿದೆ. ನೀನು ಗೋಡೆಗೆಲ್ಲ ತಟ್ಟಿ ನೋಡಿ, ಗೋಡೆಗೆ ಜ್ವರ ಬಂದಿದೆ, ಇವತ್ತು ಶಾಲೆಗೆ ಹೋಗಲ್ಲ ಅಂದಿದ್ದೆ.

ಆಮೇಲೆ ನಾನು ಇಡೀ ಕಾಲೇಜಿನ ಪಾಠಪರೀಕ್ಷೆಗಳ ಮುಖ್ಯಸ್ಥೆಯಾದೆ. ಈಗ ನಾಡಿ ಹಿಡಿಯುವುದಕ್ಕಿಂತ ಕುರ್ಚಿ ಎಣಿಸುವುದೇ ಹೆಚ್ಚು. ಹಾಗಾಗಿ ನಿನ್ನ ಪ್ರಶ್ನೆ ಚುಚ್ಚಿದ್ದು ನಿಜ. ಒಳ್ಳೆಯ ಉತ್ತರ ಸಿಕ್ಕಿದ್ದು ಈ ಬುಧವಾರ, ಪರೀಕ್ಷೆಯಲ್ಲಿ.

ನಮ್ಮ ಪರೀಕ್ಷೆಯಲ್ಲಿ ‘ಸುಳ್ಳು ರೋಗಿ’ಗಳಿರುತ್ತಾರೆ, ನಿನಗೆ ಗೊತ್ತಲ್ಲ. ಆರೋಗ್ಯವಾಗಿರುವವರೇ ಬಂದು, ನಾವು ಕಲಿಸಿದ ಕಾಯಿಲೆಯನ್ನು ನಟಿಸಿ, ನೂರು ಸಲ ಮುಟ್ಟಿಸಿಕೊಂಡು ಹೋಗುತ್ತಾರೆ. ಅವರಲ್ಲಿ ನಿವೃತ್ತ ಡ್ರಾಯಿಂಗ್ ಟೀಚರೇ ಎಲ್ಲರಿಗಿಂತ ಮೇಲು, ಬೇಕೆಂದಾಗ ಮುಖ ಬಾಡಿಸಿಕೊಳ್ಳುತ್ತಾರೆ. ಬುಧವಾರ ಬೆಳಿಗ್ಗೆ ಅವರಿಂದ ಸುದ್ದಿ ಬಂತು, ಸುಳ್ಳು ರೋಗಿಗೆ ನಿಜವಾದ ಜ್ವರ! ಬಾಗಿಲ ಹೊರಗೆ ಮಕ್ಕಳು ಸಾಲಾಗಿ ನಿಂತಿದ್ದಾರೆ, ಕುರ್ಚಿ ಖಾಲಿ. ನಮ್ಮ ಪರೀಕ್ಷಕರು ಗೊತ್ತಲ್ಲ, ಗಡಿಯಾರ ಡಾಕ್ಟರು, ಸಮಯ ಮೀರಿದರೆ ಜಗತ್ತೇ ಮುಳುಗಿತು ಅನ್ನುವವರು. ಅವರ ಗೊಣಗಾಟ ತಾಳಲಾರದೆ ಬೇರೆ ಯಾರೋ ಒಬ್ಬರು ಆ ಕುರ್ಚಿಯಲ್ಲಿ ಕುಳಿತರು.

ಪಾಠ ಇಷ್ಟೇ: ರೋಗಿಗೆ ಸುಸ್ತು. ಕುತ್ತಿಗೆ ಪರೀಕ್ಷಿಸಿ ಏನಿದೆ ಹೇಳಬೇಕು. ಡ್ರಾಯಿಂಗ್ ಟೀಚರ ಕುತ್ತಿಗೆ ನಾವು ಮೊದಲೇ ನೋಡಿಟ್ಟದ್ದು, ಅದರಲ್ಲಿ ಏನೂ ಇಲ್ಲ. ಉತ್ತರಪಟ್ಟಿಯಲ್ಲೂ ‘ಏನೂ ಇಲ್ಲ’ ಎಂದೇ ಇತ್ತು. ಇಲ್ಲದ್ದನ್ನು ಇದೆ ಎಂದವರು ಅಲ್ಲಿಗೇ ಫೇಲು. ಕುರ್ಚಿಯಲ್ಲಿ ಕುತ್ತಿಗೆ ಬದಲಾಯಿತು, ಪಟ್ಟಿ ಬದಲಾಗಲಿಲ್ಲ. ಇಷ್ಟು ಜನ ಬುದ್ಧಿವಂತರಿದ್ದೂ ಯಾರಿಗೂ ಅದು ಹೊಳೆಯಲಿಲ್ಲ ನೋಡು.

ಒಬ್ಬೊಬ್ಬರೇ ಬಂದರು. ಬಿಸಿ ಪಾತ್ರೆ ಮುಟ್ಟುವ ಹಾಗೆ ಮುಟ್ಟಿ, ಏನೂ ಇಲ್ಲ ಸರ್ ಎಂದು ಓಡಿದರು. ಕೊನೆಗೆ ಬಂದವಳು ಯಾಕಮ್ಮ. ಎಲ್ಲದಕ್ಕೂ ಯಾಕೆ ಯಾಕೆ ಎಂದು ಕೇಳಿ ಎಲ್ಲರ ತಲೆ ತಿನ್ನುವುದರಿಂದ ಅವಳಿಗೆ ಆ ಹೆಸರು. ಕೇಳುತ್ತಾ ನಿಂತು ಸಮಯ ಮೀರಿಸಿ ಹೋದ ವರ್ಷ ಫೇಲಾದವಳು. ಈ ಸಲವೂ ಫೇಲಾದರೆ ನಮ್ಮ ನಿಯಮದ ಪ್ರಕಾರ ಕಾಲೇಜು ಬಿಡಬೇಕು. ಅವಳು ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು. ಮುಟ್ಟಲಾ ಅಮ್ಮಾ, ನೋವಾದ್ರೆ ಹೇಳಿ ಅಂದಳು. ಹಿಂದೆ ನಿಂತು ಮುಟ್ಟಿದಳು. ಒಂದು ಗುಟುಕು ನೀರು ಕುಡೀರಿ ಅಂದಳು, ಇನ್ನೊಂದು ಗುಟುಕು ಅಂದಳು. ಆಮೇಲೆ ಮೆಲ್ಲಗೆ, ಬಲಗಡೆ ಚಿಕ್ಕ ಗಂಟಿದೆ ಸರ್, ನುಂಗಿದಾಗ ಮೇಲಕ್ಕೆ ಬರುತ್ತೆ ಅಂದಳು.

ಗಡಿಯಾರ ಡಾಕ್ಟರು ಪಟ್ಟಿ ನೋಡಿದರು, ಹುಡುಗಿಯನ್ನು ನೋಡಿದರು. ಅವರೇನು ಕೆಟ್ಟವರಲ್ಲ. ಎಲ್ಲರೂ ಇಲ್ಲ ಅಂದಿದ್ದಾರೆ, ಯೋಚನೆ ಮಾಡು, ಈಗಲೂ ಬದಲಾಯಿಸ್ಕೋಬಹುದು ಎಂದು ದಾರಿ ತೋರಿಸಿದರು. ಅವಳ ಕಣ್ಣು ತುಂಬಿತ್ತು. ಬದಲಾಯಿಸಿದ್ರೆ ನಾನು ಪಾಸಾಗ್ತೀನಿ ಸರ್, ಆದ್ರೆ ಅಲ್ಲಿರೋದು ಹೋಗುತ್ತಾ ಅಂದಳು.

ಕುರ್ಚಿಯಲ್ಲಿದ್ದ ರೋಗಿ ಕಲ್ಲಿನ ಹಾಗೆ ಕೂತಿದ್ದಳು. ಸುಳ್ಳು ರೋಗಿ ತನ್ನ ಪಾಠ ಬಿಟ್ಟು ಬಾಯಿ ತೆರೆಯುವ ಹಾಗಿಲ್ಲ. ಆ ನಿಯಮ ಮಾಡಿದವಳು ನಾನೇ.

ಇಷ್ಟು ಹೊತ್ತಿಗೆ ನಿನಗೆ ಗೊತ್ತಾಗಿರಬೇಕು, ಕುರ್ಚಿಯಲ್ಲಿದ್ದವಳೂ ನಾನೇ.

ಗಾಬರಿಯಾಗಬೇಡ, ಮುಂದೆ ಓದು. ಗಡಿಯಾರ ಡಾಕ್ಟರು ಆಮೇಲೆ ತಾವೇ ಮುಟ್ಟಿ ನೋಡಿದರು, ಏನಿಲ್ಲ, ಬರೀ ಸ್ನಾಯು ಎಂದರು. ನಾನು ಕನ್ನಡಿಯ ಮುಂದೆ ನಿಂತು ನೀರು ಕುಡಿದು ಕುಡಿದು ಹೊಟ್ಟೆ ಉಬ್ಬರಿಸಿಕೊಂಡೆ. ಒಮ್ಮೆ ಇದೆ ಅನ್ನಿಸುತ್ತದೆ, ಒಮ್ಮೆ ಇಲ್ಲ. ನಿನ್ನಪ್ಪ ಕನ್ನಡಿಯೊಳಗಿಂದಲೇ ಇಣುಕಿ, ಇದ್ಯಾವ ಹೊಸ ವ್ಯಾಯಾಮ ಎಂದು ಕೇಳಿದರು. ಅವರಿಗಿನ್ನೂ ಹೇಳಿಲ್ಲ. ಹೇಳಿದರೆ ನನಗಿಂತ ಮೊದಲು ಅವರನ್ನು ಮಲಗಿಸಬೇಕಾಗುತ್ತದೆ.

ಫಲಿತಾಂಶ ಇವತ್ತು ಸಂಜೆ ಅಂತಿಮವಾಗಬೇಕು. ನಾನು ಗಡಿಯಾರ ಡಾಕ್ಟರಿಗೆ ಹೇಳಿದೆ, ನನ್ನ ಕುತ್ತಿಗೆಗೆ ಸ್ಕ್ಯಾನ್ ಮಾಡಿಸುತ್ತೇನೆ, ಅದು ಏನು ಹೇಳುತ್ತದೋ ಅದೇ ಅವಳ ಅಂಕ ಎಂದು. ಅವರು ಒಪ್ಪಿದರು. ಇನ್ನು ಸ್ವಲ್ಪ ಹೊತ್ತಿಗೆ ಕರೆಯುತ್ತಾರೆ. ಇಂಥ ಗಂಟುಗಳಲ್ಲಿ ಹೆಚ್ಚಿನವು ನಿರಪಾಯ ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವುದು ಸುಲಭವಿತ್ತು.

ಈಗ ನನ್ನ ಫಜೀತಿ ನೋಡು ಪುಟ್ಟೀ. ಆ ಹುಡುಗಿ ಪಾಸಾಗಬೇಕಾದರೆ ನನ್ನ ಕುತ್ತಿಗೆಯಲ್ಲಿ ಗಂಟಿರಬೇಕು. ಗಂಟಿಲ್ಲ ಅಂದರೆ ನಾನು ಗೆದ್ದೆ, ಅವಳು ಮನೆಗೆ. ಬೆಳಿಗ್ಗೆಯಿಂದ ನನಗೆ ಯಾವುದು ಬೇಕು ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಅರ್ಧ ಹೊತ್ತು ಅವಳು ತಪ್ಪಾಗಿರಲಪ್ಪಾ ಅನ್ನಿಸುತ್ತದೆ, ನಾಚಿಕೆಯಾಗುತ್ತದೆ. ಇನ್ನರ್ಧ ಹೊತ್ತು ವಿಚಿತ್ರ ಕುತೂಹಲ. ನನ್ನ ಕೈಗೇ ಸಿಗದ್ದು ನಾನು ಕಲಿಸಿದ ಕೈಗೆ ಸಿಕ್ಕಿರಬಹುದೇ? ಸಿಕ್ಕಿದ್ದರೆ ನಿನ್ನ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ. ನಾನು ವಾರ್ಡಿನಲ್ಲೇ ಉಳಿದಿದ್ದರೆ ನನ್ನ ಕುತ್ತಿಗೆ ನೋಡಲು ಅವಳು ಇರುತ್ತಿರಲಿಲ್ಲ.

ಬಾಗಿಲು ತಟ್ಟುತ್ತಿದ್ದಾರೆ. ಮಂದ ಶಬ್ದ, ಗಟ್ಟಿ ಮರ. ಬರುತ್ತೇನೆ.

ನಿನ್ನನ್ನು ನೋಡಬೇಕೆಂದು ತುಂಬಾ ಅನ್ನಿಸುತ್ತಿರುವ,
ಅಮ್ಮ

ಸಂಜೆ ಸೇರಿಸಿದ್ದು:

ಹುಡುಗಿ ಪಾಸಾದಳು. ಗಂಟು ಬಲಗಡೆಯೇ ಇದೆ, ಅವಳು ಹೇಳಿದ ಜಾಗದಲ್ಲೇ. ಗಡಿಯಾರ ಡಾಕ್ಟರು ಜೀವಮಾನದಲ್ಲಿ ಮೊದಲ ಸಲ ಉತ್ತರಪಟ್ಟಿ ತಿದ್ದಿದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅವಳಿಗೆ ನಾನೇ ಹೋಗಿ ಹೇಳಿದೆ. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಸರಿದು ಜಾಗ ಮಾಡಿ ನನ್ನನ್ನು ಕೂರಿಸಿಕೊಂಡು, ಭಯ ಆಗ್ತಿದೆಯಾ ಅಮ್ಮಾ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿದ್ದಳು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕೆಂದು ಕಲಿಸಿದವಳು ನಾನು. ಹಾಗೆ ಯಾರಾದರೂ ಕಾದರೆ ಸುಳ್ಳು ಹೇಳಲು ಆಗುವುದಿಲ್ಲ ಎಂದು ಇವತ್ತು ತಿಳಿಯಿತು.

ಬಿಟ್ಟ ಜಾಗ ಈಗ ತುಂಬುತ್ತೇನೆ. ಇಲ್ಲಿ ನನಗೆ ಭಯವಾಗಿದೆ. ಬರುವ ಬುಧವಾರ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡುತ್ತಾರೆ. ಸಿಕ್ಕಿದ ಬಸ್ಸು ಹತ್ತಿ ಬಾ ಮಗಳೇ.