ಯಶ್ಮಿತಾಳ ಕಣ್ಣ ಕೆಳಗಿನ ಕಪ್ಪು

ಭೋಸರಿ, ಪುಣೆ
12 ನವೆಂಬರ್ 2025

ಪ್ರೀತಿಯ ಶೈಲಾ,

ಹೇಗಿದ್ದೀ ಮಗಾ? ಕಾಲುನೋವು ಕಡಿಮೆಯಾಯಿತೇ? ಅಷ್ಟು ದೊಡ್ಡ ಹೋಟೆಲಿನ ಅಡುಗೆಮನೆಯನ್ನು ದಿನವಿಡೀ ನಿಂತೇ ನೋಡಿಕೊಳ್ಳುವವಳಿಗೆ ಕಾಲು ನೋಯದೆ ಇನ್ನೇನಾಗುತ್ತದೆ. ಮಲಗುವ ಮೊದಲು ಬಿಸಿನೀರಿಗೆ ಉಪ್ಪು ಹಾಕಿ ಸ್ವಲ್ಪ ಹೊತ್ತು ಕಾಲಿಟ್ಟು ಕೂತುಕೋ. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿನ್ನ ಗಂಡ ಸುಖೇಶನೂ ಚೆನ್ನಾಗಿದ್ದಾನೆ. ನೀನು ಹೋದಮೇಲೆ ನಮ್ಮ ಹೋಟೆಲಿನ ಸಾಂಬಾರಿಗೆ ತಾನೇ ಕೈಹಾಕುತ್ತಾನೆ, ಫ್ಯಾಕ್ಟರಿಯ ಜನ ಪಾಪ ಮಾತಾಡದೆ ತಿಂದು ಹೋಗುತ್ತಾರೆ. ಫೋನಿರುವಾಗ ಈ ಮುದುಕಿ ಕಾಗದ ಯಾಕೆ ಬರೆದಳು ಎಂದು ಕೇಳುತ್ತೀ. ಫೋನಿನಲ್ಲಿ ಮಗಳ ಮುಖ ಕಂಡ ಕೂಡಲೇ ನೀನು ಅಳಲು ಶುರುಮಾಡುತ್ತೀ, ಆಮೇಲೆ ನಾನು ಹೇಳಿದ್ದು ಒಂದೂ ನಿನ್ನ ಕಿವಿಗೆ ಬೀಳುವುದಿಲ್ಲ. ಸುಖೇಶನ ಗೆಳೆಯ ಅವಧೂತ ಇವತ್ತು ನೀನಿರುವ ಮಸ್ಕತ್ತಿಗೇ ಹೊರಡುತ್ತಾನಲ್ಲ, ಚಟ್ನಿಪುಡಿಯ ಜೊತೆ ಇದನ್ನೂ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅತ್ತು ಮುಗಿಸಿದ ಮೇಲೆ ಓದು.

ಯಶ್ಮಿತಾಳ ಮುಖದ ವಿಷಯಕ್ಕೇ ಬರುತ್ತೇನೆ. ಕಣ್ಣ ಕೆಳಗೆ ಮಸಿ ಬಳಿದ ಹಾಗೆ ಕಪ್ಪು, ಯಾವಾಗಲೂ ತೆರೆದ ಬಾಯಿ, ಜೋತುಬಿದ್ದ ರೆಪ್ಪೆ. ನೀನು ಅಲ್ಲಿಂದ ನೋಡಿ ಕೊರಗಿದ್ದು ಸುಳ್ಳಲ್ಲ. ಚೌತಿಗೆ ಬಂದವರೆಲ್ಲ ಅವಳ ಗಲ್ಲ ಹಿಡಿದು ಒಂದೇ ಮಾತು ಹೇಳಿದರು, 'ತಾಯಿಯ ನೆನಪಲ್ಲಿ ಮಗು ಸೊರಗಿದೆ' ಎಂದು. ಶಾಲೆಯಲ್ಲಿ ಮಕ್ಕಳು ಪಾಂಡಾ ಎಂದು ಕರೆಯುತ್ತಾರಂತೆ. ಟೀಚರು ನನ್ನನ್ನು ಕರೆಸಿ, ಮನೆಯಲ್ಲಿ ಮಗುವನ್ನು ನಿದ್ದೆ ಮಾಡಲು ಬಿಡುತ್ತೀರೋ ಇಲ್ಲವೋ ಎಂದು ಮರಾಠಿಯಲ್ಲಿ ಕೇಳಿದಳು. ನನಗೆ ಮೈ ಉರಿದುಹೋಯಿತು. ಮನೆಗೆ ಬಂದು ನಮ್ಮವರು ಮಾಡುವುದನ್ನೇ ಮಾಡಿದೆ. ಒಣಮೆಣಸು, ಉಪ್ಪು, ಸಾಸಿವೆ ನಿವಾಳಿಸಿ ಕೆಂಡಕ್ಕೆ ಹಾಕಿ ದೃಷ್ಟಿ ತೆಗೆದೆ. ಮಂಗಳವಾರ ಒಮ್ಮೆ, ಭಾನುವಾರ ಒಮ್ಮೆ. ತಲೆಗೆ ಎರೆದ ದಿನ ಕೂದಲಿಗೆ ಧೂಪ ಬೇರೆ. ಮಗು ಕೆಮ್ಮಿ, ಸೀನಿ, ಕಣ್ಣೀರು ಸುರಿಸುತ್ತಿತ್ತು. ಎಷ್ಟು ಜನರ ಕಣ್ಣು ಬಿದ್ದಿದೆಯಪ್ಪಾ ಎಂದು ನಾನು ಇನ್ನೂ ಎರಡು ಮೆಣಸು ಹಾಕುತ್ತಿದ್ದೆ.

ವಾಕಡದಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರು ಒಬ್ಬಳಿದ್ದಾಳೆ, ನಿನಗಿಂತ ಚಿಕ್ಕವಳು. ಸುಖೇಶ ಹಟ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದ. ನಾವು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಯಶ್ಮಿತಾ ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಒರೆಸಿಕೊಂಡಳು. ಅವಳು ಹಾಗೆ ಮಾಡುವುದು ನಿನಗೆ ಗೊತ್ತಲ್ಲ, ನಾವು ಸಲಾಮು ಹೊಡೆದಳು ಎಂದು ನಗುತ್ತಿದ್ದೆವು. ಡಾಕ್ಟರು ನಗಲಿಲ್ಲ. ಮೂಗಿನ ಮೇಲೆ ಅಡ್ಡಕ್ಕೆ ಒಂದು ಸಣ್ಣ ಗೆರೆಯಿದೆ ನೋಡಿ, ಉಜ್ಜಿ ಉಜ್ಜಿ ಆದದ್ದು ಎಂದು ತೋರಿಸಿದಳು. ಇಷ್ಟು ದಿನ ಅದನ್ನು ಹುಟ್ಟುಗೆರೆ ಎಂದುಕೊಂಡಿದ್ದೆ. ಮಗುವಿಗೆ ಮೂಗಿನ ಅಲರ್ಜಿಯಂತೆ. ಒಳಗೆ ಊದಿಕೊಂಡು ಕಟ್ಟಿರುವುದರಿಂದ ಕಣ್ಣ ಕೆಳಗಿನ ಸಣ್ಣ ನರಗಳಲ್ಲಿ ರಕ್ತ ಸರಿಯಾಗಿ ಹರಿಯದೆ ನಿಲ್ಲುತ್ತದಂತೆ, ಚರ್ಮ ತೆಳುವಾದ್ದರಿಂದ ಅದೇ ಕಪ್ಪಾಗಿ ಕಾಣುತ್ತದಂತೆ. ಮೂಗಿನಲ್ಲಿ ಉಸಿರು ಹೋಗದ್ದಕ್ಕೆ ಬಾಯಿ ತೆರೆದಿರುತ್ತದೆ, ಅದರಿಂದ ನಿದ್ದೆಯೂ ಕೆಡುತ್ತದೆ. ಬೆಳೆಯುವ ವಯಸ್ಸಿನಲ್ಲಿ ವರ್ಷಗಟ್ಟಲೆ ಹೀಗೇ ಬಿಟ್ಟರೆ ಮೇಲಿನ ದವಡೆ ಇಕ್ಕಟ್ಟಾಗಿ, ಹಲ್ಲು ಮುಂದೆ ಬಂದು, ಮುಖವೇ ಉದ್ದವಾಗಬಹುದು ಎಂದಳು. ನಮ್ಮವಳಿಗೆ ಅಷ್ಟೊಂದು ಆಗಿಲ್ಲ, ಎಕ್ಸ್-ರೇ ತೆಗೆದು ನೋಡಿದರು, ಮೂಗಿನ ಹಿಂದಿನ ಗಂಟು ಸ್ವಲ್ಪ ಊದಿದೆ, ಸದ್ಯಕ್ಕೆ ಆಪರೇಷನ್ ಬೇಡ ಎಂದಿದ್ದಾರೆ. ಕೊನೆಗೆ ಅವಳು ನನ್ನ ಕಡೆ ತಿರುಗಿ, 'ಆಜಿ, ಘರಾತ್ ಧೂರ್ ಹೋತೋ ಕಾ?' ಎಂದು ಕೇಳಿದಳು. ಮನೆಯಲ್ಲಿ ಹೊಗೆಯಾಗುತ್ತದೆಯೇ ಎಂದು. ಸುಖೇಶ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರ ನೋಡುತ್ತಾ ಕೂತೆ.

ಆವತ್ತೇ ಕೆಂಡದ ಬಟ್ಟಲು ಅಟ್ಟ ಸೇರಿತು. ಧೂಪ ಕೂಡ ಇಲ್ಲ, ದೇವರಿಗೆ ದೀಪ ಮಾತ್ರ. ಅವಳ ಕೋಣೆಯಲ್ಲಿ ಇಟ್ಟಿದ್ದ ಹೋಟೆಲಿನ ಗೋಣಿಚೀಲಗಳೆಲ್ಲ ಕೆಳಗಿಳಿದವು. ಹಾಸಿಗೆಯ ದೂಳಿನಲ್ಲಿ ಕಣ್ಣಿಗೆ ಕಾಣದ ಹುಳಗಳಿರುತ್ತವಂತೆ, ಹಾಗಾಗಿ ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುತ್ತೇನೆ. ಡಾಕ್ಟರು ಕೊಟ್ಟ ಉಪ್ಪುನೀರಿನಿಂದ ಮೂಗು ತೊಳೆಯಬೇಕು, ಆಮೇಲೆ ದಿನಾ ಒಂದು ಸ್ಪ್ರೇ. ತಲೆ ಸ್ವಲ್ಪ ಬಗ್ಗಿಸಿ, ಮೂಗಿನ ನಡುಗೋಡೆಗೆ ತಾಗದ ಹಾಗೆ ಹೊರಪಕ್ಕಕ್ಕೆ ಹೊಡೆಯಬೇಕು. ಒಂದೆರಡು ದಿನಕ್ಕೆ ಗುಣ ಕಾಣುವುದಿಲ್ಲ, ಬಿಡದೆ ಹಾಕಿದರೆ ಕೆಲವು ವಾರಗಳಲ್ಲಿ ಮೂಗು ಬಿಡುತ್ತದೆ, ಕಪ್ಪು ಅದರ ಹಿಂದೆ ನಿಧಾನಕ್ಕೆ ಹೋಗುತ್ತದೆ ಎಂದಿದ್ದಾಳೆ. ಇದರಿಂದಲೂ ಆಗದಿದ್ದರೆ ಯಾವುದರ ಅಲರ್ಜಿ ಎಂದು ಪರೀಕ್ಷೆ ಮಾಡಿ ಮುಂದಿನದು ನೋಡುವುದಂತೆ. ಮೊದಲು ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಮಗು ಬಾಯಿ ಮುಚ್ಚಿ ನಿದ್ದೆ ಮಾಡುತ್ತಿದೆ. ಸುಖೇಶನನ್ನು ಗಲ್ಲಾದಿಂದ ಎಬ್ಬಿಸಿ ಕರೆತಂದು ತೋರಿಸಿದೆ. ಈಚೆಗೆ ಯಾಕೋ ಮತ್ತೆ ಮೂಗು ಕಟ್ಟುತ್ತಿದೆ, ಚಳಿ ಶುರುವಾಯಿತಲ್ಲ, ಅದಕ್ಕಿರಬೇಕು.

ಹಾಗಾಗಿ ಶೈಲಾ, ಆ ಕಪ್ಪು ನೀನು ಹಚ್ಚಿದ್ದಲ್ಲ. ಕಳೆದ ವಾರ ಫೋನಿನಲ್ಲಿ ನೀನು 'ನನ್ನಿಂದಾಗಿ ಹೀಗಾಯ್ತು ಅತ್ತೆ, ಕೆಲಸ ಬಿಟ್ಟು ಬರ್ತೇನೆ' ಎಂದಾಗ ನಾನು ಹೇಳಿದ ಮಾತನ್ನೇ ಇಲ್ಲಿ ಬರೆಯುತ್ತೇನೆ: 'ಮುಖ ಸರಿಯಾಗ್ತದೆ, ನೀನು ಬರುದು ಬೇಡ.' ಯಶ್ಮಿತಾ ನನ್ನ ತೊಡೆಯ ಮೇಲೇ ಕೂತು ನಿನ್ನನ್ನೇ ನೋಡುತ್ತಿದ್ದಳು. ಇಂಥ ಕೆಲಸ ಸಿಗಬೇಕೆಂದು ನೀನು ಎಷ್ಟು ಓದಿದ್ದೀ, ಯಾರ್ಯಾರ ಮಾತು ಕೇಳಿದ್ದೀ ಎಂದು ಈ ಮನೆಯಲ್ಲಿ ನನಗಿಂತ ಹೆಚ್ಚು ಗೊತ್ತಿರುವವರು ಇಲ್ಲ. ಮಗುವಿನ ಮೂಗು ಕಟ್ಟಿದ್ದಕ್ಕೆ ಅದನ್ನು ಬಿಡಬೇಡ. ಜನವರಿಯಲ್ಲಿ ಸಿಗುವ ನಾಲ್ಕು ದಿನದ ರಜೆಗೆ ಓಡಿಬರುವುದೂ ಬೇಡ, ಮೇ ತಿಂಗಳಲ್ಲಿ ದೊಡ್ಡ ರಜೆ ಹಾಕಿ ನಿಧಾನವಾಗಿ ಬಾ. ಅಲ್ಲಿಯವರೆಗೆ ಅವಳನ್ನು ನೋಡಿಕೊಳ್ಳಲು ನನ್ನ ಕೈಯಲ್ಲಿ ಶಕ್ತಿಯಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಊರ ದೇವರು ಅಷ್ಟು ದೂರಕ್ಕೂ ಬಂದು ನಿನ್ನನ್ನು ಕಾಯಲಿ.

ನಿನ್ನ ಅತ್ತೆ,
ಪ್ರೇಮಾವತಿ

ಇನ್ನೊಂದು ಮಾತು: ಅವಧೂತ ಕೆಳಗೆ ಚಹಾ ಕುಡಿಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕಾಗದ ಮಡಚಿ ಎದ್ದರೆ ಬಚ್ಚಲಿನಲ್ಲಿ ಯಶ್ಮಿತಾ ನಿಂತಿದ್ದಳು. ಸ್ಪ್ರೇಯನ್ನು ಮೂಗಿಗಲ್ಲ, ವಾಶ್ ಬೇಸಿನ್ನಿಗೆ ಹೊಡೆಯುತ್ತಿದ್ದಳು. ಚಳಿಯಿಂದಲ್ಲ ಮಗಾ, ಮೂಗು ಕಟ್ಟುತ್ತಿದ್ದುದು ಇದರಿಂದ. ಎಂತ ಮಾಡ್ತಿದ್ದೀ ಎಂದು ಕೇಳಿದೆ. 'ಮುಖ ಸರಿಯಾದ್ರೆ ಅಮ್ಮ ಬರುದು ಬೇಡ ಅಂತ ನೀವೇ ಹೇಳಿದ್ದಲ್ವಾ ಅಜ್ಜಿ' ಎಂದಳು. ಕೋಪವಿಲ್ಲ, ಅಳುವಿಲ್ಲ, ಗೊತ್ತಿರುವ ಪಾಠ ಒಪ್ಪಿಸಿದ ಹಾಗೆ. ಕೆಲಸ ಬಿಡಬೇಡ, ಆ ಮಾತು ಹಾಗೇ ಇರಲಿ. ಮೇ ತಿಂಗಳ ಮಾತನ್ನು ಹೊಡೆದುಹಾಕು. ಜನವರಿಯಲ್ಲಿ ನಾಲ್ಕು ದಿನಕ್ಕಾದರೂ ಬಾ, ಇದನ್ನು ಓದಿದ ಕೂಡಲೇ ಫೋನು ಮಾಡಿ ಅವಳಿಗೆ ನೀನೇ ಹೇಳು. ಸ್ಪ್ರೇ ಇನ್ನು ನನ್ನ ಕೈಯಿಂದಲೇ ಹಾಕುತ್ತೇನೆ, ನೀನು ಬರುವಷ್ಟರಲ್ಲಿ ಅವಳ ಮುಖ ಬೆಳಗಿರುತ್ತದೆ. ಮುಖ ಚೆನ್ನಾಗಿದ್ದರೂ ಅಮ್ಮ ಬರುತ್ತಾಳೆ ಎಂದು ಅವಳು ಒಮ್ಮೆ ನೋಡಲಿ.