ತೊಂಬತ್ತೊಂಬತ್ತೋ, ನೂರೋ

ಗಂಗಾವತಿ
ದಿ. ೧೮-೧೧-೨೦೨೪, ಸೋಮವಾರ

ಪ್ರೀತಿಯ ತಮ್ಮ ಕೊಟ್ರೇಶನಿಗೆ,

ಅಣ್ಣ ಕರಿಬಸಪ್ಪನ ಆಶೀರ್ವಾದ. ಬೇಡವೆಂದರೂ ತೆಗೆದುಕೋ, ನಿನಗಿಂತ ನಾಲ್ಕು ವರ್ಷ ಮೊದಲು ಹುಟ್ಟಿದವನು ನಾನು. ಮೊಣಕಾಲು ನೋವು ಹೇಗಿದೆ? ತಂಗಿ ಪಕ್ಕೀರವ್ವ ದಿನಾ ಬಿಸಿ ರೊಟ್ಟಿ, ಎಣ್ಣೆಗಾಯಿ ಮಾಡಿ ಬಡಿಸುತ್ತಿರಬೇಕು, ಅದಕ್ಕೇ ತಿಂಗಳಾಗುತ್ತ ಬಂದರೂ ನಿನಗೆ ಮನೆಯ ನೆನಪಿಲ್ಲ. ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಇರಲಿ. ಅದಕ್ಕೇ ಈ ಪತ್ರ. ಇದು ಎರಡನೆಯದು. ಮೊದಲನೆಯದರ ಮೇಲೆ ಬರೀ ‘ಮಂಗಳೂರು’ ಎಂದು ಬರೆದು ಡಬ್ಬಿಗೆ ಹಾಕಿದ್ದೆ. ಅದು ಯಲಬುರ್ಗಾ ಕಡೆಯ, ಪಕ್ಕೀರವ್ವನ ಮಂಗಳೂರಿಗೆ ಬರುವುದು ಬಿಟ್ಟು ಕಡಲ ಕಡೆಯ ಮಂಗಳೂರಿಗೆ ಹೋಗಿ, ಹದಿನೈದು ದಿನ ಮೀನಿನ ಗಾಳಿ ಕುಡಿದು ಮೊನ್ನೆ ತಿರುಗಿ ಬಂತು. ಅದನ್ನು ನನ್ನ ಕೈಗಿಡುತ್ತ ಪೋಸ್ಟ್‌ಮ್ಯಾನ್ ಗವಿಸಿದ್ದೇಶ, “ಹೆಸರ ಒಂದಾದ್ರ ಊರೂ ಒಂದ ಆಗ್ತದೇನ್ರಿ ಸಾವ್ಕಾರ್ರ?” ಎಂದ. ಅವನಿಗೆ ನಮ್ಮ ಜಗಳ ಗೊತ್ತಿಲ್ಲ, ಆದರೂ ನನಗೆ ಚುಚ್ಚಿತು.

ಮನೆಯಲ್ಲಿ ಎಲ್ಲರೂ ಅರಾಮ, ನನ್ನೊಬ್ಬನನ್ನು ಬಿಟ್ಟು. ನಿನ್ನ ಹೆಂಡತಿ ಸುರೇಖಾ ನನಗೆ ಹೊತ್ತಿಗೆ ಸರಿಯಾಗಿ ಚಹಾ ಕೊಡುತ್ತಾಳೆ, ಸಕ್ಕರೆ ಹಾಕುವುದಿಲ್ಲ. ಕೇಳಿದರೆ, “ಹಾಕಿದ್ರೂ ಬಿಟ್ರೂ ಚಹಾ ಚಹಾನ ಅಲ್ಲೇನ್ರಿ ಭಾವಾರ” ಎನ್ನುತ್ತಾಳೆ. ನನ್ನ ಹೆಂಡತಿ ಶಿವಲಿಂಗಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ. ನಲವತ್ತು ವರ್ಷ ಬಾಳಿದವಳು ಯಾರ ಕಡೆ ನಿಂತಿದ್ದಾಳೆ ನೋಡು.

ಕೊಪ್ಪಳದ ನಾಣ್ಯ ಪ್ರದರ್ಶನದಲ್ಲಿ ನಾನು ಆಡಿದ್ದು ತಪ್ಪೆಂದು ಈಗಲೂ ಪೂರ್ತಿ ಒಪ್ಪುವುದಿಲ್ಲ. ನೂರು ಬಗೆ ಕೂಡಿಸಿದವರಿಗೆ ಶಾಲು ಹೊದಿಸುತ್ತೇವೆ ಎಂದಿದ್ದರು. ಮೂವತ್ತು ವರ್ಷ ಕಂಡಕ್ಟರಿಕೆ ಮಾಡುತ್ತ ನೀನು ಕೂಡಿಸಿದ್ದು ಸರಿಯಾಗಿ ನೂರು. ಆದರೆ ಆಲ್ಬಮ್ಮಿನ ಐವತ್ತೇಳನೆಯ ಮತ್ತು ಐವತ್ತೆಂಟನೆಯ ಮನೆಯಲ್ಲಿ ಇದ್ದದ್ದು ಒಂದೇ ವರ್ಷದ, ಒಂದೇ ರಾಣಿಯ ಮುಖದ ಎರಡು ಬ್ರಿಟಿಷ್ ಪೌಂಡು. ಒಂದರ ಕೆಳಗೆ ‘ಅಂಚಿನ ಅಕ್ಷರ ನೆಟ್ಟಗೆ’, ಇನ್ನೊಂದರ ಕೆಳಗೆ ‘ಅಂಚಿನ ಅಕ್ಷರ ತಲೆಕೆಳಗೆ, ಬೇರೆ ತಳಿ’ ಎಂದು ನೀನು ಬರೆದಿದ್ದೆ. ಆ ತಳಿ ಎಂಬ ಮಾತು ನನ್ನನ್ನು ಕೆಡಿಸಿತು ಕೊಟ್ರೇಶ. ಬತ್ತದ ಬೀಜದ ಅಂಗಡಿಯಲ್ಲಿ ಕೂದಲು ಹಣ್ಣಾದ ಮನುಷ್ಯನ ಎದುರಿಗೆ ತಳಿ ಅನ್ನಬಹುದೇ? ಮೈಕು ಕಸಿದುಕೊಂಡು, “ಕಾಳು ಮಗ್ಗಲ ಬದಲಿಸಿ ಬಿದ್ರ ತಳಿ ಬದಲಾಗೂದಿಲ್ರಿ. ಇವು ನೂರಲ್ಲ, ತೊಂಬತ್ತೊಂಬತ್ತ ಅದಾವ” ಎಂದುಬಿಟ್ಟೆ. ಮಂದಿ ನಕ್ಕರು, ನನಗೆ ಹಿಗ್ಗಾಯಿತು. ಟಂಕಸಾಲೆಯಲ್ಲಿ ಅಂಚಿಗೆ ಅಕ್ಷರ ಮೊದಲು ಒತ್ತುತ್ತಾರೆ, ಮುಖ ಆಮೇಲೆ, ಬಿಲ್ಲೆ ಹೇಗೆ ಬಿತ್ತೋ ಹಾಗೆ ಎಂದು ಪರೀಕ್ಷಕರೂ ನನ್ನ ಮಾತಿಗೇ ತಲೆದೂಗಿದರು. ಶಾಲು ಹೋಯಿತು. ನೀನು ಆಲ್ಬಮ್ಮನ್ನು ನನ್ನ ತೊಡೆಯ ಮೇಲಿಟ್ಟು ಯಲಬುರ್ಗಾ ಬಸ್ಸು ಹತ್ತಿದೆ. ನಾನೋ, ಅದೇ ಜಂಬದಲ್ಲಿ ಐವತ್ತೆಂಟನೆಯ ಮನೆಯದನ್ನು ‘ಹೆಚ್ಚಿನದು’ ಎಂದು ತೆಗೆದು, ಪಕ್ಕದಲ್ಲಿದ್ದ ಕುಷ್ಟಗಿಯ ಮುಷರಫನಿಗೆ ಪುಕ್ಕಟೆ ಕೊಟ್ಟೆ.

ಕಳೆದ ವಾರ ಸುರೇಖಾ ನಿನ್ನ ನೋಟುಬುಕ್ಕು ತಂದು ನನ್ನ ಮುಂದೆ ಬಿಚ್ಚಿಟ್ಟಳು. ‘ಎರಡು ಪೌಂಡಿನಲ್ಲಿ ಒಂದು ಅವ್ವನದು. ಅಂಚು ತಲೆಕೆಳಗೆ.’ ನಾನು ಮುಷರಫನಿಗೆ ಪುಕ್ಕಟೆ ಕೊಟ್ಟದ್ದೇ ಅದು. ಆನೆಗೊಂದಿ ಹೊಳೆದಂಡೆಯಲ್ಲಿ ಅವ್ವ ಲಿಂಬೆಹಣ್ಣಿನ ಪಾನಕ ಮಾರುತ್ತಿದ್ದಾಗ ಬಿಳಿಯ ಹೆಣ್ಣುಮಗಳೊಬ್ಬಳು ಕೊಟ್ಟದ್ದಲ್ಲವೇ ಅದು? ರಾಣಿಯ ಮುಖವನ್ನು ಅವಳ ಅತ್ತೆಯದೆಂದು ತಿಳಿದು, “ಅತ್ತಿ ಮುಖಾ ಜೋಡಿ ಇಟ್ಕೊಂಡ ತಿರಗತಾಳ, ಛಲೋ ಸೊಸಿ” ಎಂದು ಅವ್ವ ಸಾಯುವ ತನಕ ಹೊಗಳಿದಳು. ಆ ನಾಣ್ಯ ಅವಳ ಸೆರಗಿನ ಗಂಟಿನ ಜೊತೆಗೇ ಹೋಯಿತೆಂದು ನಾನು ತಿಳಿದಿದ್ದೆ. ನೀನು ಜೋಪಾನ ಮಾಡಿದ್ದೀಯ, ನನಗೇಕೆ ಹೇಳಲಿಲ್ಲ? ಹೇಳಿದ್ದರೆ ನಾನು ಮೈಕು ಮುಟ್ಟುತ್ತಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಕುಷ್ಟಗಿಗೆ ಹೋದೆ. ಮುಷರಫ ಕೈಗಡಿಯಾರ ರಿಪೇರಿ ಮಾಡುತ್ತ, ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ, “ಎರಡೂ ಒಂದ ಅಂದಿದ್ರೆಲ್ಲರಿ ಅಣ್ಣಾರ? ಮನ್ಯಾಗಿರೂದನ್ನ ಅವ್ವಂದು ಅಂತ ಇಟ್ಕೋರಿ” ಎಂದ. ಅರ್ಧ ತಾಸು ಸ್ಟೂಲು ಬಿಡದೆ ಅದೂ ಇದೂ ಮಾತಾಡಿ ತಪ್ಪಿಸಿಕೊಳ್ಳಲು ನೋಡಿದೆ. ಕೊನೆಗೆ, “ಇಲ್ಲಪಾ, ಅದು ಬ್ಯಾರೆನ ಐತಿ” ಎಂದೆ. ಅವನು ನಾಣ್ಯವನ್ನೂ ಕೊಟ್ಟ, ಸಕ್ಕರೆ ಹಾಕಿದ ಚಹಾವನ್ನೂ ಕೊಟ್ಟ. ನನ್ನ ಮಾತನ್ನು ಮಾತ್ರ ಫೋನಿನಲ್ಲಿ ಹಿಡಿದು ನಾಣ್ಯದವರ ಗ್ರೂಪಿಗೆ ಬಿಟ್ಟಿದ್ದಾನೆ. ಗ್ರೂಪನ್ನು ನೀನು ಬ್ಲಾಕ್ ಮಾಡಿಲ್ಲ, ಆಗಲೇ ನೋಡಿ ನಕ್ಕಿರುತ್ತೀಯ. ನಗು.

ಪಕ್ಕೀರವ್ವನಿಗೂ ಅವಳ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕಿಸಿಕೋ.

ಇಂತಿ, ಮೈಕು ಮುಟ್ಟದ
ನಿನ್ನ ಅಣ್ಣ
ಕರಿಬಸಪ್ಪ

ತಾ.ಕ.: ಹೇಳಬೇಕಾದದ್ದನ್ನೇ ಬಿಟ್ಟೆ. ಕುಷ್ಟಗಿಗೆ ಹೋಗುವಾಗ ಹೋಲಿಸಿ ನೋಡಲು ಇನ್ನೊಂದು ಪೌಂಡನ್ನೂ ಒಯ್ದಿದ್ದೆ. ಬರುವಾಗ ಎರಡೂ ಒಂದೇ ಜೇಬಿನಲ್ಲಿ ಬೆರೆತವು. ಅಕ್ಷರ ನೋಡಿ ಗುರುತು ಹಿಡಿದರಾಯಿತೆಂದು ಧೈರ್ಯವಿತ್ತು. ಈಗ ರಾಣಿಯ ಮುಖ ಮೇಲೆ ಮಾಡಿ ಇಟ್ಟರೆ ಒಂದರ ಅಕ್ಷರ ತಲೆಕೆಳಗೆ ಕಾಣುತ್ತದೆ, ಎರಡನ್ನೂ ಮಗುಚಿದರೆ ಇನ್ನೊಂದರದು. ಯಾವ ಮಗ್ಗಲಿಟ್ಟು ನೋಡಬೇಕೆಂದು ನೀನು ಎಲ್ಲೂ ಬರೆದಿಲ್ಲ. ಸುರೇಖಾ ಇದು ಅನ್ನುತ್ತಾಳೆ, ಶಿವಲಿಂಗಮ್ಮ ಅದು ಅನ್ನುತ್ತಾಳೆ. ಎರಡು ಮನೆಗಳನ್ನೂ ಖಾಲಿ ಬಿಟ್ಟಿದ್ದೇನೆ, ಈಗ ನಿನ್ನ ಆಲ್ಬಮ್ಮಿನಲ್ಲಿ ಇರುವುದು ತೊಂಬತ್ತೆಂಟು. ಅವ್ವನದು ಯಾವುದೆಂದು ನಿನ್ನೊಬ್ಬನಿಗೇ ಗೊತ್ತು. ಬಂದು ನೂರು ಮಾಡು.