ನೀರು ಬತ್ತುವ ತನಕ

ಮಾರ್ಚ್ ೧೧, ಸಂಜೆ

ಮಾವ ಲಿಫ್ಟ್ ಬಿಟ್ಟರು. ಬಲ್ಬ್ ಹತ್ತಿತು. ಇದು ಆರುವ ತನಕ ಬರೆಯೋದು, ಆಮೇಲೆ ನಿಲ್ಲಿಸೋದು. ಬೇರೆ ಲೈಟ್ ಹಾಕಿಕೊಂಡು ಬರೆಯೋಕೆ ಮನಸ್ಸಿಲ್ಲ.

ನನ್ನ ಗಂಡ ಸಿದ್ದು ಮಾಡಿಟ್ಟು ಹೋದದ್ದು. ಕೊಬ್ಬರಿ ಮಂಡಿಯ ಗೂಡ್ಸ್ ಲಿಫ್ಟಿಗೆ ಏನೇನೋ ವೈರ್ ಎಳೆದು... ಮಧ್ಯಾಹ್ನ ಸೋಲಾರಿನಲ್ಲಿ ಕಾಯಿ ಮೂಟೆಗಳು ಮೂರನೇ ಮಹಡಿಗೆ ಏರುತ್ತವೆ. ಸಂಜೆ ಬ್ರೇಕ್ ಸಡಿಲಿಸಿದರೆ ಆಮೆ ಹಾಗೆ ಇಳಿಯುತ್ತಾ ಮೋಟಾರ್ ತಿರುಗಿಸಿ ಅಡುಗೆಮನೆಯ ಈ ಒಂದು ಬಲ್ಬ್ ಉರಿಸುತ್ತವೆ. "ಭಾರನೇ ಬ್ಯಾಟರಿ ಕಣೇ ಇಂಪನಾ" ಅಂತ ಕುಣಿದಾಡಿದ್ದ. ತೂಕಕ್ಕೆ ಮರಳು ಹಾಕೋದು ಬಿಟ್ಟು ಹೊಸ ತೆಂಗಿನಕಾಯನ್ನೇ ತುಂಬಿದ. ಮಂಡಿಯವರ ಮಗ, ಇನ್ನೇನು ಹೊಳೆಯುತ್ತೆ! ಎಲ್ಲಾ ತನ್ನ ಕೈಯಾರೆ. ಅದಾದ ಮುಂದಿನ ವಾರವೇ ತುರುವೇಕೆರೆ ರಸ್ತೆ, ಬೈಕು, ಲಾರಿ...

ಊಟ ಆಯ್ತು, ಪಾತ್ರೆ ಆಯ್ತು. ಇನ್ನೂ ಉರಿಯುತ್ತಿದೆ.

ಏಪ್ರಿಲ್ ೨

ಮಾವನ ತಮ್ಮ ರುದ್ರೇಶ್ ಬಂದಿದ್ದರು, ಬೈಯೋಕೆ ಅಂತಲೇ. ಅಟ್ಟಕ್ಕೆ ಹಾಕಿದ ಕಾಯಿ, ನೀರು ಬತ್ತಿ ಕೊಬ್ಬರಿ ಆಗೋ ತನಕ ಮುಟ್ಟಬಾರದು. ನಮ್ಮಲ್ಲಿ ಮಕ್ಕಳಿಗೂ ಗೊತ್ತು.

"ದಿನಾ ಮ್ಯಾಕೆ ಕೆಳಗೆ ಅಲ್ಲಾಡಿಸ್ತೀಯಲ್ಲಣ್ಣ, ಕೊಬ್ಬರಿ ಗಿಟುಕು ಒಂದಾದ್ರೂ ಉಂಡೆಯಾಗಿ ಉಳೀತದಾ?"

"ಹೋದ್ರೆ ಹೋಯ್ತು ಬುಡ್ಲಾ."

ಊರಿಗೆಲ್ಲ ಒಳ್ಳೇ ಕೊಬ್ಬರಿ ಅಂದರೆ ನಮ್ಮ ಮಾವ ಶಂಭುಲಿಂಗಯ್ಯನವರದು. ಆ ಬಾಯಲ್ಲಿ ಈ ಮಾತು!

ಜೂನ್ ೧೯

ನಿನ್ನೆ ಪಾತ್ರೆ ಅರ್ಧ ತೊಳೆದಿದ್ದೆ, ಬಲ್ಬ್ ಆರಿತು. ಮೂರು ದಿನದಿಂದ ಹೀಗೇ. ಮೋಟಾರ್ ಕೆಟ್ಟಿತೇನೋ ಅಂದುಕೊಂಡೆ. ಇವತ್ತು ಬೆಳಿಗ್ಗೆ ಮಾವ ಒಂದು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರು.

"ನೀರು ಬತ್ತಾ ಐತೆ ಕಣವ್ವಾ. ತೂಕ ಇಳೀತಾ ಐತೆ."

ಅಷ್ಟೇ ವಿಷಯ. ಕಾಯಿ ಹಗುರ ಆದಷ್ಟೂ ಕರೆಂಟ್ ಕಮ್ಮಿ. "ಒಂದೆರಡು ಮೂಟೆ ಮರಳು ಸೇರಿಸೋಣ ಮಾವ" ಅಂದೆ.

"ಮರಳು ಅವನು ತುಂಬಿದ್ದಾ?"

ಸಿಟ್ಟು ಬಂತು. ಆಮೇಲೆ, ಬೇಡ ಅಂದದ್ದೇ ಒಳ್ಳೇದಾಯ್ತು ಅನ್ನಿಸಿತು.

ಆಗಸ್ಟ್ ೮

ಮುದ್ದೆ ಕಟ್ಟುವಷ್ಟರಲ್ಲಿ ಆರುತ್ತೆ. ಬರೆಯೋಕೆ ಸಿಗೋದು ಇಷ್ಟೇ. ಸಿದ್ದು, ನೀನು ಇನ್ನೊಂಚೂರು ಭಾರ

ಅಕ್ಟೋಬರ್ ೧೪

ನಿನ್ನೆ ಸ್ವಲ್ಪ ಹೆಚ್ಚು ಹೊತ್ತು ಉರಿಯಿತು. ಮುದ್ದೆ ಮುಗಿದು ಸಾರಿಗೆ ಒಗ್ಗರಣೆ ಹಾಕಿದರೂ ಉರಿಯುತ್ತಿತ್ತು! ಮಾವನಿಗೆ ಹೇಳೋಣ ಅಂತ ಹೋದೆ. ಎಲ್ಲೂ ಇಲ್ಲ. ಲಿಫ್ಟ್ ಇಳಿಯುತ್ತಿತ್ತು. ಜಾಲರಿ ಬಾಗಿಲಲ್ಲಿ ಮೊದಲು ಎರಡು ಪಾದ ಕಂಡವು.

ಮೂಟೆ ಮೇಲೆ ಕೂತಿದ್ದರು. ಕತ್ತಲಲ್ಲಿ, ಒಬ್ಬರೇ.

"ಏನ್ ಮಾವ ಇದು!"

"ನಾನೂ ಒಂದು ಮೂಟೆ ಅಲ್ವೇನವ್ವಾ." ನಗೋಕೆ ನೋಡಿದರು, ಆಗಲಿಲ್ಲ. "ಅವನು ತುಂಬಿದ ಭಾರ ದಿನಾ ಕರಗ್ತಾ ಐತೆ. ಸುಮ್ಕೆ ನೋಡ್ಕಂಡು ಹೆಂಗಿರ್ಲಿ?"

ಜಾಲರಿ ಹಿಡಿದುಕೊಂಡು ಅತ್ತುಬಿಟ್ಟೆ. ಅವನು ಹೋದಾಗ ಮಾವನ ಎದುರು ಅತ್ತಿರಲಿಲ್ಲ.

ನವೆಂಬರ್ ೨೩

ಕಾಯಿ ಅಲ್ಲಾಡಿಸಿದರೆ ನೀರಿನ ಸದ್ದಿಲ್ಲ. ಕೆಲವು ಕಾಯಿಗಳಲ್ಲಿ ಒಡೆದ ಚೂರಿನ ಸದ್ದು. ಇನ್ನು ಇಟ್ಟರೆ ಹುಳು ಬೀಳುತ್ತೆ. ನಾಳೆ ಸುಲಿಯೋರು ಬರ್ತಾರೆ. ಮಾವನೇ ಹೇಳಿಕಳಿಸಿದರು. ಆಮೇಲೆ ಊಟ ಮಾಡಲಿಲ್ಲ.

"ಇವತ್ತೊಂದ್ ದಿನ ನೀನೂ ಬತ್ತೀಯೇನವ್ವಾ?" ಅಂದರು. ಮೂರನೇ ಮಹಡಿಗೆ ಹೋಗಿ ಲಿಫ್ಟ್ ಹತ್ತಿದೆ. ಮಾವ ಜರುಗಿ ಜಾಗ ಬಿಟ್ಟರು. ಅಡುಗೆಮನೆ ಬಾಗಿಲು ತೆಗೆದಿಟ್ಟಿದ್ದೇನೆ, ಬಲ್ಬಿನ ಬೆಳಕು ಅಂಗಳ ದಾಟಿ ಜಾಲರಿಯೊಳಗೆ ಬರುತ್ತಿದೆ. ಅದರಲ್ಲೇ, ತೊಡೆ ಮೇಲಿಟ್ಟು ಬರೆಯುತ್ತಿದ್ದೇನೆ. ಬೆನ್ನಿಗೆ ಅವನು ಹೊಲಿದ ಮೂಟೆ. ಹೊಲಿಗೆ ಸೊಟ್ಟ. ಮಾವ ಅದನ್ನೇ ಸವರುತ್ತಿದ್ದಾರೆ.

ಎರಡನೇ ಮಹಡಿ ಆಯ್ತು. ಒಂದನೇದೂ ಆಯ್ತು. ನೆಲ ಕಾಣುತ್ತಿದೆ.

"ಬರೀತಿರವ್ವಾ" ಅಂದರು ಮಾವ, "ನಿಲ್ಲಿಸಬ್ಯಾಡ." ಬರೀತಿದೀನಿ ಮಾವ. ಸಿದ್ದು, ಇನ್ನೂ ಉರೀತಾ ಇದೆ ಕಣೋ, ಇನ್ನೂ